ಹನ್ನೊಂದನೇ ಮಹಡಿಯ ಸಂದರ್ಶನ

“ಇದು ನಿಮಗೆ ಹೇಗೆ ಗೊತ್ತು?”

ಮುಖ್ಯಸ್ಥರು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕುವುದನ್ನೂ ಮರೆತಿದ್ದರು.

ಬೋರ್ಡಿನ ಮೇಲೆ ಅವರು ಬರೆದದ್ದು ಐದು ಚೌಕ, ನಾಲ್ಕು ಬಾಣ. ಗ್ರಾಹಕರ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುವ ದಾರಿ. ಎಲ್ಲಿ ತೊಂದರೆ ಬರಬಹುದು ಎಂಬುದು ಪ್ರಶ್ನೆ. ಬಂದವರೆಲ್ಲ ಅರ್ಧ ಗಂಟೆ ತಿಣುಕುತ್ತಿದ್ದರು. ಈ ಹೆಂಗಸು ಕುರ್ಚಿಯಿಂದ ಏಳಲೂ ಇಲ್ಲ. ಮೂರನೆಯ ಚೌಕ, ಅಂದುಬಿಟ್ಟಳು. ತಿಂಗಳ ಕೊನೆಯ ದಿನ ಅಲ್ಲಿ ಎರಡು ಸರ್ವರ್‌ಗಳು ಒಂದಕ್ಕಾಗಿ ಇನ್ನೊಂದು ಕಾಯುತ್ತ ಕೂತುಬಿಡುತ್ತವೆ. ಎರಡನೆಯದನ್ನು ಮೊದಲು ನಿಲ್ಲಿಸಿದರಷ್ಟೇ ಗಂಟು ಬಿಡುತ್ತದೆ.

ಅದು ಕಂಪನಿಯ ಒಳಗುಟ್ಟು. ಆ ಗಂಟನ್ನು ತಿಂಗಳು ತಿಂಗಳೂ ಬಿಡಿಸುತ್ತಿದ್ದದ್ದಕ್ಕೇ ಮುಖ್ಯಸ್ಥರಿಗೆ ಹೋದ ವರ್ಷ ಪ್ರಶಸ್ತಿ ಬಂದಿತ್ತು.

“ಕೆಲಸ ಮಾಡಿದರೆ ಗೊತ್ತಾಗುತ್ತೆ ಸಾರ್” ಎಂದಳು.

ವಯಸ್ಸು ನಲವತ್ತು ದಾಟಿತ್ತು. ಕಾಲಲ್ಲಿದ್ದದ್ದು ಅಕ್ಕನ ಬೂಟು, ಹೆಬ್ಬೆರಳನ್ನು ಹಿಂಡುತ್ತಿತ್ತು. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಇರುವ ಅನ್ನಕ್ಕೂ ಕಲ್ಲು ಹಾಕಿಕೊಳ್ಳಬೇಡ ಎಂದು ಅಕ್ಕ ಬೆಳಗ್ಗೆ ಹೇಳಿ ಕಳಿಸಿದ್ದಳು. ಆದರೆ ಎಂಟು ವರ್ಷ ಬಾಯಿಗೆ ಬೀಗ ಹಾಕಿಕೊಂಡದ್ದು ಅವಳಿಗೆ ಸಾಕಾಗಿತ್ತು.

ಸಿಬ್ಬಂದಿ ವಿಭಾಗದ ಮೇಡಂ ಅವಳ ಅರ್ಜಿ ತಿರುವಿದರು. ಯಾವುದೋ ಸಣ್ಣ ಏಜೆನ್ಸಿಯಲ್ಲಿ ಎಂಟು ವರ್ಷ. ಏಜೆನ್ಸಿ ಅವಳನ್ನು ಕೆಲಸಕ್ಕೆ ಕಳಿಸಿದ ಕಂಪನಿ ಯಾವುದೆಂದು ಮಾತ್ರ ಎಲ್ಲೂ ಇಲ್ಲ. ಯಾಕೆಂದು ವಿಚಾರಿಸಿದರು. ಹೆಸರು ಹೇಳಕೂಡದೆಂದು ಸಹಿ ಹಾಕಿಸಿಕೊಂಡಿದ್ದಾರೆ ಎಂದು ಉತ್ತರ ಬಂತು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಎದುರು ರಸ್ತೆಯಲ್ಲೇ ಪ್ರತಿಸ್ಪರ್ಧಿ ಕಂಪನಿಯ ಕಟ್ಟಡ ಎದ್ದು ಕಾಣುತ್ತಿತ್ತು. ಇವಳನ್ನು ಕಳಿಸಿದ್ದು ಅವರೇ ಇರಬೇಕು.

ಮುಖ್ಯಸ್ಥರಿಗೆ ಇನ್ನೂ ಒಂದು ಕಸಿವಿಸಿ. ಈ ಧ್ವನಿ ಎಲ್ಲೋ ಕೇಳಿದ್ದು. ಮುಖ ಮಾತ್ರ ಎಂದೂ ಕಂಡದ್ದಲ್ಲ.

“ಅದನ್ನು ಸರಿ ಮಾಡೋದು ನನ್ನ ತಂಡ. ಹನ್ನೆರಡು ಜನ,” ಎಂದರು. “ಅವರಲ್ಲಿ ನಿಮಗೆ ಬಾಯಿಬಿಟ್ಟಿದ್ದು ಯಾರು?”

“ಆ ಹನ್ನೆರಡು ಜನಕ್ಕೂ ಅದು ಬರಲ್ಲ ಸಾರ್. ಬರೋದು ಹದಿಮೂರನೆಯವರಿಗೆ.”

“ಹದಿಮೂರನೆಯವರು ಅಂತ ಯಾರೂ ಇಲ್ಲ.”

“ಗೊತ್ತು ಸಾರ್. ಅದಕ್ಕೇ ಬಂದಿದ್ದು.”

ಮೇಡಂ ಅರ್ಜಿಯನ್ನು ಮಡಚಿಟ್ಟರು. ಇನ್ನು ಹೊರಡಬಹುದು, ಇಲ್ಲವಾದರೆ ಕಾವಲಿನವರನ್ನು ಕರೆಸಬೇಕಾಗುತ್ತದೆ ಎಂದರು. ಅವಳು ಜಗ್ಗಲಿಲ್ಲ. ಕರೆಸಿ, ಎಂದಳು. ಸಂದರ್ಶನ ಒಂದು ಗಂಟೆ ಎಂದು ನಿಮ್ಮ ಪತ್ರದಲ್ಲೇ ಇದೆ, ಇನ್ನೂ ಇಪ್ಪತ್ತು ನಿಮಿಷ ಉಳಿದಿದೆ, ಅನುಭವ ಇದ್ದವರು ಬೇಕು ಅಂದಿರಿ, ಅನುಭವ ತೋರಿಸಿದರೆ ಕಳ್ಳಿ ಅನ್ನುತ್ತೀರಿ. ಅಷ್ಟು ಹೇಳಿ ಮೇಜಿನಡಿ ಬೂಟು ಕಳಚಿ, ಬರಿಗಾಲನ್ನು ನೆಲಕ್ಕೆ ಊರಿ ಕೂತಳು.

ಅಷ್ಟರಲ್ಲಿ ಮುಖ್ಯಸ್ಥರ ಫೋನು ಬಡಿದುಕೊಂಡಿತು. ಎಲ್ಲ ಶಾಖೆಗಳಲ್ಲೂ ವ್ಯವಹಾರ ನಿಂತಿದೆ, ಗ್ರಾಹಕರು ಕೂಗಾಡುತ್ತಿದ್ದಾರೆ ಎಂದು ಅತ್ತ ಕಡೆಯವರು ಹೇಳುವುದು ಕೋಣೆಗೆಲ್ಲ ಕೇಳಿಸಿತು. ಅಂದು ಮೂವತ್ತೊಂದನೇ ತಾರೀಖು. ಮುಖ್ಯಸ್ಥರು ಕರೆ ಕತ್ತರಿಸಿದರು.

ಹನ್ನೆರಡು ಜನರಲ್ಲಿ ಒಬ್ಬರಿಗೂ ಅವರು ಕರೆ ಮಾಡಲಿಲ್ಲ. ಇಂಥ ಹೊತ್ತಿನಲ್ಲೆಲ್ಲ ಒತ್ತುವ ಇನ್ನೊಂದು ನಂಬರಿತ್ತು, ಇದೇ ಕಟ್ಟಡದ ನೆಲಮಾಳಿಗೆಯಲ್ಲಿ ಸರ್ವರ್ ನೋಡಿಕೊಳ್ಳುವವರದು. ಹೆಸರು ಎಂದೂ ಕೇಳಿರಲಿಲ್ಲವಾದ್ದರಿಂದ ‘ಬೇಸ್‌ಮೆಂಟ್’ ಎಂದಷ್ಟೇ ಬರೆದಿಟ್ಟುಕೊಂಡಿದ್ದರು. ಎಂಟು ವರ್ಷದಲ್ಲಿ ಒಮ್ಮೆಯೂ ಎರಡನೇ ರಿಂಗಿನವರೆಗೆ ಕಾಯಿಸದ ನಂಬರು.

ಈಗ ಮೂರನೇ ರಿಂಗಾಯಿತು. ಆ ಸದ್ದು ಬರುತ್ತಿದ್ದದ್ದು ಮೇಜಿನ ಆಚೆ ಕೂತಿದ್ದವಳ ಚೀಲದಿಂದ.

“ಬೇಸ್‌ಮೆಂಟಿನವಳು ಇವತ್ತು ರಜೆ ಹಾಕಿದ್ದಾಳೆ ಸಾರ್,” ಎಂದಳು ಅವಳು. “ಮುಂದಿನ ಪ್ರಶ್ನೆ ಕೇಳಿ.”