ಎಪ್ಪತ್ತೆಂಟರ ಮುದ್ರೆ

ಪೆಡಲ್ ತುಳಿದರಷ್ಟೇ ಕಂಪ್ಯೂಟರು ಓಡುವ ಕಾಲವದು. ಹೊಸ ಗೇಮನ್ನು ಕೊನೆಯವರೆಗೆ ತುಳಿದು ಆಡಿದವರಲ್ಲಿ ಅತಿ ಹಿರಿಯರ ವಯಸ್ಸೇ ಅದರ ಡಬ್ಬಿಯ ಮೇಲೆ ಮುದ್ರೆಯಾಗಿ ಬೀಳುತ್ತಿತ್ತು. ಸುಮಂಗಲಾ ಕಟ್ಟುತ್ತಿದ್ದ ದೋಣಿ ಆಟದಲ್ಲಿ ಇಲ್ಲಿಯವರೆಗೆ ದಡ ಮುಟ್ಟಿದ್ದವನು ಇಪ್ಪತ್ತಾರರ ಪೈಲ್ವಾನನೊಬ್ಬನೇ. ಅಂಥ ಮುದ್ರೆಯ ಡಬ್ಬಿಯನ್ನು ಹುಬ್ಬಳ್ಳಿಯ ಯಾವ ಅಂಗಡಿಯವರೂ ಮೂಸುವುದಿಲ್ಲ. ಆಡಿ ನೋಡಲು ಬರುತ್ತಿದ್ದ ಎಪ್ಪತ್ತೆಂಟರ ತುಂಗವ್ವನಂತೂ ಎರಡು ಸಲ ನಡುಹೊಳೆಯಲ್ಲೇ ಕಾಲು ಸೋತು ಇಳಿದಿದ್ದಳು.

ತಪ್ಪು ಎಲ್ಲಿದೆಯೆಂದು ಸುಮಂಗಲಾಗೆ ತಿಳಿದದ್ದು ಹೋದ ವಾರ. ಆಡುವವರಿಗೆ ಎಂದೂ ಕಾಣದ ಗುಡ್ಡದ ಹಿಂದೆ ಅವಳು ಆಸೆಯಿಂದ ಇಡೀ ಊರೊಂದನ್ನು ಕಟ್ಟಿಟ್ಟಿದ್ದಳು. ಕಂಪ್ಯೂಟರಿಗೆ ಕೆಲಸ ಹೆಚ್ಚಿದಷ್ಟೂ ಪೆಡಲ್ ಬಿಗಿ; ಕಾಣದ ಆ ಊರಿನ ಭಾರವನ್ನೂ ಮುದುಕಿಯ ಕಾಲುಗಳೇ ಎಳೆಯಬೇಕಿತ್ತು. ಮನಸ್ಸು ಗಟ್ಟಿ ಮಾಡಿ ಊರನ್ನೇ ಅಳಿಸಿಬಿಟ್ಟಳು.

ಇವತ್ತು ತುಂಗವ್ವ ಸೆರಗು ಸಿಕ್ಕಿಸಿ ಸೀಟಿನ ಮೇಲೆ ಕೂತಳು. ನಡುಹೊಳೆ ಬಂತು. ಮುದುಕಿಯೋ ತುಳಿಯುತ್ತಲೇ ತನ್ನ ಮದುವೆಯ ಕತೆ ಶುರುಮಾಡಿದಳು! ತೇಕುವವರಿಗೆ ಅಷ್ಟು ಮಾತು ಎಲ್ಲಿಂದ ಬಂದೀತು? ಕತೆ ಬೀಗರ ಊಟಕ್ಕೆ ಬರುವಷ್ಟರಲ್ಲಿ ದೋಣಿ ದಡ ಮುಟ್ಟಿತು. ಪಕ್ಕದಲ್ಲೇ ನಿಂತು ನೋಡುತ್ತಿದ್ದ ಪರೀಕ್ಷಕರು ಡಬ್ಬಿಯ ಮೇಲೆ ಎಪ್ಪತ್ತೆಂಟು ಎಂದು ದಪ್ಪಗೆ ಒತ್ತಿದರು.

"ಗೆದ್ವಿ ಅಜ್ಜಿ! ಇನ್ನ ಇಳೀರಿ," ಎಂದು ಸುಮಂಗಲಾ ಕುಣಿದಾಡಿದಳು.

"ಇಳಿಯೂದು ಆಮ್ಯಾಲ," ಎಂದಳು ತುಂಗವ್ವ. "ಬೀಗರು ಇನ್ನೂ ಊಟಕ್ಕ ಕುಂತಿಲ್ಲ. ಇನ್ನೊಮ್ಮೆ ಆಟ ಹಚ್ಚವ್ವಾ!"