ಹನ್ನೊಂದನೆಯ ದಿನದ ಕಾಗೆ

ಕಾಗೆ ಎಡೆ ಮುಟ್ಟಲಿಲ್ಲ. ಅತ್ತೆ ತೀರಿಕೊಂಡು ಅಂದಿಗೆ ಹನ್ನೊಂದು ದಿನ. ಕೆರೆದಂಡೆಯ ಮೇಲೆ ಬಾಳೆ ಎಲೆಯಲ್ಲಿ ಬಡಿಸಿಟ್ಟ ಅನ್ನ, ಹೋಳಿಗೆ, ಬದನೆಕಾಯಿ ಪಲ್ಯ ಬಿಸಿಲಿಗೆ ಒಣಗುತ್ತಿದ್ದವು. ಜಾಲಿಮರದಲ್ಲಿ ಕೂತ ಕಾಗೆ ಕತ್ತು ಕೊಂಕಿಸಿ ತನ್ನೊಬ್ಬಳನ್ನೇ ನೋಡುತ್ತಿದೆ ಎಂದು ಸೊಸೆಗೆ ಅನ್ನಿಸಿತು.

“ಮುದುಕಿಗೆ ಏನೋ ಆಸೆ ಉಳದೈತಿ,” ಎಂದರು ಓಣಿಯ ಹಿರಿಯರು. “ಒಬ್ಬೊಬ್ಬರ ಬಂದು ಮಾತು ಕೊಡ್ರಿ.”

ಮಗ ಕೈಮುಗಿದ. “ತಂಗೀನ್ನ ನಾ ನೋಡ್ಕೋತೀನಿ, ಅವ್ವಾ.” ಕಾಗೆ ಕದಲಲಿಲ್ಲ. ಮಗಳು ಅಳುತ್ತ, “ಅಣ್ಣನ ಕೂಡ ಇನ್ನ ಜಗಳ ಆಡೂದಿಲ್ಲ,” ಎಂದಳು. ಅದಕ್ಕೂ ಇಲ್ಲ.

ಓಣಿಯವರೆಲ್ಲ ಸೊಸೆಯ ಕಡೆ ತಿರುಗಿದರು.

“ನೀನೂ ಒಂದು ಮಾತು ಹೇಳವಾ.”

“ನಾ ಹಿತ್ತಲದಾಗ ಅರಬಿ ಒಗ್ಯಾಕ್ಹತ್ತಿದ್ದೆ. ನನಗ ಏನೂ ಕೇಳಿಸಲಿಲ್ಲ,” ಎಂದಳು ಅವಳು. ಅತ್ತೆ ಸತ್ತ ದಿನದಿಂದ ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ ಬಾಯಿಪಾಠವಾಗಿತ್ತು. ಈಗ ಆ ವಿಷಯ ಯಾರೂ ಕೇಳಿರಲಿಲ್ಲ.

ಹೋಗಿ ಎಡೆಯ ಮುಂದೆ ಕುಕ್ಕರಿಸಿದಳು. ತುಟಿಯಷ್ಟೇ ಅಲುಗುವಂತೆ ಏನೋ ಅಂದಳು. ಪಟಪಟನೆ ರೆಕ್ಕೆಯ ಸದ್ದಾಯಿತು. ಕಾಗೆ ಇಳಿದು ಬಂದು, ಹೋಳಿಗೆಯ ಚೂರು ಕಚ್ಚಿಕೊಂಡು ಹಾರಿತು.

ಎಲ್ಲರೂ ಉಸಿರು ಬಿಟ್ಟರು. ಗಂಡ ಕಣ್ಣೊರೆಸಿಕೊಳ್ಳುತ್ತ ಹತ್ತಿರ ಬಂದ.

“ಅವ್ವಗ ಏನಂತ ಮಾತು ಕೊಟ್ಟಿ?”

“ಮಾತು ಕೊಡಲಿಲ್ಲ,” ಎಂದಳು. “‘ಅತ್ತಿ, ಅವತ್ತ ನೀವು ನೀರು ಕೇಳಿದ್ದು ಮೂರು ಸಲಾನೂ ನನಗ ಕೇಳಿಸಿತ್ತು,’ ಅಂದೆ.”