ಹೊಳೆವ್ವನ ಗಾಳಿ

ಗಾಳಿ ತಾನಾಗಿ ಬೀಸುವುದನ್ನು ಮರೆತ ಮೇಲೆ, ಯಾರಾದರೂ ಮನಸಾರೆ ಅತ್ತರೆ ಮಾತ್ರ ಗುಡ್ಡದ ಮೇಲೆ ಊರಿಗೆ ಕರೆಂಟು ಕೊಡುವ ಗಾಳಿ ಫ್ಯಾನು ತಿರುಗುತ್ತಿತ್ತು. ಸುಳ್ಳು ಅಳುವಿಗೆ ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಗಂಡ ತೀರಿಕೊಂಡಾಗಿನಿಂದ ಹೊಳೆವ್ವನೇ ದಿನವೂ ಫ್ಯಾನಿನ ಬುಡದಲ್ಲಿ ಕುಳಿತು ಅಳುತ್ತಿದ್ದಳು. ಅವಳ ದುಃಖದಲ್ಲಿ ಊರಿನ ಗಿರಣಿ ನಡೆಯಿತು, ಬೋರಿನಲ್ಲಿ ನೀರು ಬಂತು. ಹೊಗೆಯಿಲ್ಲ, ಬೂದಿಯಿಲ್ಲ, ಎಂಥಾ ಚೊಕ್ಕ ಕರೆಂಟು ಎಂದು ಎಲ್ಲರೂ ಹೊಗಳುತ್ತಿದ್ದರು.

ಈ ವಾರ ರೆಕ್ಕೆಗಳು ನಿಂತುಬಿಟ್ಟವು. ಪಕ್ಕದೂರಿನ ಅಡಿವೆಪ್ಪನ ಜೊತೆ ಉಡಿಕೆಯಾಗಿ ಮತ್ತೆ ಸಂಸಾರ ಹೂಡಲು ಹೊಳೆವ್ವ ಒಪ್ಪಿದ್ದಳು. ಎಷ್ಟು ಹೆಣಗಿದರೂ ಅಳು ಬರುತ್ತಿರಲಿಲ್ಲ.

"ನಗಾಕಿ ನೀ, ಕತ್ತಲ್ಯಾಗ ಕೂಡಾವ್ರು ನಾವು," ಎಂದಳು ನೆರೆಮನೆಯ ದುಂಡವ್ವ. "ಇರ್ಲಿ ಬಿಡು. ನಿನ್ನ ಗಂಡ ಆಗಾವ ಆ ರೆಕ್ಕಿನಾರ ಒರಸಿ ಕೊಡ್ಲಿ."

ಅಡಿವೆಪ್ಪ ಖುಷಿಯಿಂದಲೇ ಹತ್ತಿದ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ರೆಕ್ಕೆಯ ಮಗ್ಗುಲಲ್ಲಿ ಜೋತುಬಿದ್ದು ಧೂಳು ಒರೆಸತೊಡಗಿದ. ಕೆಳಗಿನಿಂದ ಗುಬ್ಬಿಯಷ್ಟು ಕಾಣುತ್ತಿದ್ದ.

ನೋಡುತ್ತಿದ್ದ ಹೊಳೆವ್ವನಿಗೆ, ಬಿದ್ದುಗಿದ್ದರೆ ಎಂದು ಕಣ್ಣಲ್ಲಿ ನೀರಾಡಿತು. ಮೇಲೆ ರೆಕ್ಕೆ ಸಣ್ಣಗೆ ಅಲುಗಿತು. ಅಡಿವೆಪ್ಪ ಬಟ್ಟೆಯನ್ನು ಕೈಬಿಟ್ಟು ರೆಕ್ಕೆಯನ್ನು ತಬ್ಬಿಕೊಂಡ.

"ಇಳಸ್ರಿ ಅವನ್ನ," ಎಂದಳು ಹೊಳೆವ್ವ, ಬುಡದಲ್ಲಿ ನೆರೆದ ಊರವರಿಗೆ.

"ಇಳೀತಾನ ತಗೋ, ಏನವಸರ," ಎಂದ ಗಿರಣಿಯವನು.

ತಾನು ಅತ್ತರೆ ರೆಕ್ಕೆ ತಿರುಗುತ್ತದೆ, ತಿರುಗಿದರೆ ಅವನು ಉಳಿಯುವುದಿಲ್ಲ. ಹೊಳೆವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವನು ಹೇಳಿದ ಚೇಷ್ಟೆಯ ಮಾತುಗಳನ್ನೆಲ್ಲ ನೆನೆದು ನಗಲು ನೋಡಿದಳು.

ಆಗ ದುಂಡವ್ವ ಹಿಂದಿನಿಂದ ಬಂದು ಅವಳನ್ನು ಎದೆಗೆ ಒರಗಿಸಿಕೊಂಡಳು. ತಾಯಿಯ ಹಾಗೆ ಮೆಲ್ಲಗೆ ಬೆನ್ನು ಸವರಿದಳು.

"ಅತ್ತುಬಿಡು ನನ್ನವ್ವಾ," ಎಂದಳು. "ಒಳಗ ಇಟ್ಕೋಬ್ಯಾಡ."